ಖಾಲಿ ಬಂಡಿಯ ತೂಕ

ಪರದೆಯ ಮೇಲೆ ಸಾಲುಗಳು ಏರುತ್ತಲೇ ಇದ್ದವು. ಒಂದು ಪುಟ ತುಂಬಿ ಮೇಲೆ ಸರಿಯಿತೆಂದರೆ ಕೆಳಗಿನಿಂದ ಇನ್ನೊಂದು ಪುಟ. ಪ್ರತಿ ಸಾಲಿನ ಮೊದಲಿಗೂ ಅದೇ ಒಂದು ಪದ: ವಾರ್ನಿಂಗ್. ಚಹಾದ ಕಪ್ಪನ್ನು ಬಾಯಿಯ ಹತ್ತಿರ ಒಯ್ದಿದ್ದ ಪಂಪಣ್ಣ ಅದನ್ನು ಹಾಗೇ ಹಿಡಿದು ಕೂತುಬಿಟ್ಟ. ಬೇಸಿಗೆಯಿಂದ ಬರೆಯುತ್ತ ಬಂದ ಪ್ರೋಗ್ರಾಮ್ ಅದು. ಇದೇ ಕಂಪ್ಯೂಟರಿನಲ್ಲಿ ಎಷ್ಟು ಸಲ ಕಂಪೈಲ್ ಮಾಡಿದ್ದನೋ ಲೆಕ್ಕವಿಲ್ಲ. ಒಂದು ದಿನವೂ ಅದು ತುಟಿ ಪಿಟಕ್ಕೆಂದಿರಲಿಲ್ಲ.

"ಏನ್ ಮಾಡಿದಿ ತಂಗಿ ಇದಕ್ಕ?" ಎಂದು ಕೇಳಿದ.

ಗುಲ್ಷನ್‌ಬೀ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ನಾ ಏನೂ ಮಾಡಿಲ್ರಿ ಸರ್. ಅದರ ಬಾಯಿಗೆ ಯಾರೋ ಬಟ್ಟಿ ಕಟ್ಟಿದ್ರು. ಬಿಚ್ಚೀನಿ, ಅಷ್ಟ."

ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸುವ ಕಂಪೈಲರಿಗೂ ಒಂದು ಸ್ವಭಾವವಿರುತ್ತದೆ. ನೇರವಾಗಿ ತಪ್ಪಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ತಪ್ಪೆಂದು ಹೇಳಲಾಗದ, ಆದರೆ ಅನುಮಾನಕ್ಕೆ ಎಡೆಯಿರುವ ಕಡೆ ಕೆಲಸ ಮಾಡಿಕೊಟ್ಟು, ಇಲ್ಲೊಂದು ಸಲ ನೋಡಿಕೊಳ್ಳಪ್ಪ ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಬೇಡವೆನ್ನುವವರಿಗೂ ಉಪಾಯವಿದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಡಬ್ಲ್ಯೂ ಅಕ್ಷರ ಬರೆದು, ಹಿಂದೊಂದು ಮುಂದೊಂದು ಅಡ್ಡಗೆರೆ ಎಳೆದರೆ ಅದು ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ.

ಪಂಪಣ್ಣ ಹಾಗೆ ಬರೆದವನಲ್ಲ. ಕೆಲವು ವರ್ಷಗಳ ಹಿಂದೆ ಲಿಂಗಸುಗೂರಿನ ಕಂಪ್ಯೂಟರ್ ಸೆಂಟರಿನವನು ಹೈದರಾಬಾದಿಗೆ ಹೋದಾಗ ಒಂದು ಫ್ಲಾಪಿಯಲ್ಲಿ ಈ ಕಂಪೈಲರನ್ನು ತಂದಿದ್ದ. ಅವನಿಂದ ಮಸ್ಕಿಯವರು ಕಾಪಿ ಮಾಡಿಕೊಂಡರು, ಮಸ್ಕಿಯವರಿಂದ ಸಿಂಧನೂರಿನ ಪಂಪಣ್ಣ. ಹೈದರಾಬಾದಿನ ಯಾವ ಪುಣ್ಯಾತ್ಮ ಯಾವ ಅವಸರದಲ್ಲಿ ಆ ಅಡ್ಡಗೆರೆ ಎಳೆದಿದ್ದನೋ, ಅದು ಫ್ಲಾಪಿಯ ಜತೆಗೇ ಬಸ್ಸು ಹತ್ತಿ ಮೂರೂ ಊರಿಗೆ ಬಂದು ಕೂತಿತ್ತು. ಮೂರೂ ಊರಿನ ಕಂಪ್ಯೂಟರ್ ಸೆಂಟರುಗಳಲ್ಲಿ ವಾರ್ನಿಂಗ್ ಎಂಬುದನ್ನು ಒಬ್ಬರೂ ಕಂಡಿರಲಿಲ್ಲ. ಪುಸ್ತಕದಲ್ಲಿ ಅದರ ವಿಷಯ ಬಂದಾಗಲೆಲ್ಲ, ಅವೆಲ್ಲ ಕಲಿಯುವವರಿಗೆ ಬರುವಂಥವು ಎಂದು ಪಂಪಣ್ಣ ವಿದ್ಯಾರ್ಥಿಗಳಿಗೆ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದ. ತನ್ನ ಕೈ ಪಳಗಿದೆಯೆಂದು ಅವನು ಮನಸಾರೆ ನಂಬಿದ್ದ.

ಗುಲ್ಷನ್‌ಬೀ ಗುರುಗುಂಟಾದವಳು. ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ, ಸಿಂಧನೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದೀಪಾವಳಿಯ ನಂತರ ಪಂಪಣ್ಣನ ಸೆಂಟರಿಗೆ ಕೆಲಸಕ್ಕೆ ಸೇರಿದ್ದಳು. ಮಾತು ಕಡಿಮೆ. ಆದರೆ ಬರೆದದ್ದು ಏನು ಸಿಕ್ಕರೂ ಕೊನೆಯವರೆಗೆ ಓದುವ ಚಟ. ಬಸ್ಸಿನ ಟಿಕೇಟಿನ ಹಿಂಭಾಗ, ಮಿರ್ಚಿ ಕಟ್ಟಿಕೊಟ್ಟ ಹಳೇ ಪೇಪರು, ಕೆಳಗಿನ ಅಂಗಡಿಯ ಗೊಬ್ಬರದ ಚೀಲದ ಮೇಲಿನ ಸಣ್ಣಕ್ಷರ, ಯಾವುದನ್ನೂ ಬಿಡುತ್ತಿರಲಿಲ್ಲ. ಹಾಗೆ ಓದುತ್ತ ಓದುತ್ತಲೇ ಆ ಸೆಟ್ಟಿಂಗ್ ಫೈಲನ್ನೂ ತೆರೆದಿದ್ದಳು.

ಇಷ್ಟಾದದ್ದು ಶುಕ್ರವಾರ, ಸುಮ್ಮನೆ ಯಾವುದೋ ದಿನವಲ್ಲ. ಸೋಮವಾರ ಬೆಳಿಗ್ಗೆ ಈ ಪ್ರೋಗ್ರಾಮ್ ಊರಾಚೆಯ ರೈಸ್ ಮಿಲ್ಲಿನ ಕಾಟಾದ ಮೇಲೆ ಓಡಬೇಕಿತ್ತು. ಬಂಡಿಯನ್ನೋ ಟ್ರ್ಯಾಕ್ಟರನ್ನೋ ಭತ್ತದ ಸಮೇತ ನಿಲ್ಲಿಸಿ ತೂಗಿ, ಇಳಿಸಿದ ಮೇಲೆ ಖಾಲಿ ತೂಗಿ, ಒಂದರಲ್ಲಿ ಇನ್ನೊಂದು ಕಳೆಯುವ ದೊಡ್ಡ ತಕ್ಕಡಿ ಅದು. ಹೋದ ಸುಗ್ಗಿಯಲ್ಲಿ ಅದರ ಮೇಲೆ ಗಲಾಟೆಯೇ ಆಗಿತ್ತು. ಕಾಟಾದವನು ಒಂದು ಓದಿ ಇನ್ನೊಂದು ಬರೆಯುತ್ತಾನೆಂದು ಸುತ್ತಲ ಊರುಗಳ ರೈತರು, ಸಾಲಗುಂದದವರು, ಆರ್.ಎಚ್. ಕ್ಯಾಂಪಿನವರು, ಎಲ್ಲ ಸೇರಿ ಕಾಟಾದ ತಗಡಿನ ಮೇಲೆ ಅಡ್ಡ ಮಲಗಿಬಿಟ್ಟಿದ್ದರು. ಕೊನೆಗೆ ಆದ ಒಪ್ಪಂದವೆಂದರೆ, ಅಂಕಿ ಕಾಟಾದಿಂದ ನೇರ ಕಂಪ್ಯೂಟರಿಗೆ ಹೋಗಬೇಕು, ಚೀಟಿ ಅದೇ ಕೊಡಬೇಕು, ನಡುವೆ ಮನುಷ್ಯನ ಕೈ ಇರಬಾರದು. ಅದೂ ಸುಳ್ಳು ಹೇಳಿದರೆ ಯಾರನ್ನು ಹಿಡಿಯುವುದೆಂಬ ಪ್ರಶ್ನೆ ಬಂದಾಗ ಎದ್ದು ನಿಂತವನು ಸಾಲಗುಂದದ ರಾಮಣ್ಣ, ಪಂಪಣ್ಣನ ಸೋದರಮಾವ.

"ನಮ್ಮ ಹುಡುಗ ಮಾಡಿದ ಮಿಷಿನ್ ಸುಳ್ಳ ಹೇಳಂಗಿಲ್ಲ," ಎಂದಿದ್ದ ಅವನು. "ಹೇಳ್ತಂದ್ರ ನನ್ನ ಮನಿಗೆ ಬರ್ರಿ."

ರಾಮಣ್ಣ ಹೊಲದ ಬದುವಿನ ಜಗಳಕ್ಕೆ ಹೋಗಿ ಕೂತರೆ ಎರಡೂ ಕಡೆಯವರು ಒಪ್ಪಿ ಏಳುತ್ತಿದ್ದರು. ಅಂಥವನು ತನ್ನ ಹೆಸರನ್ನು ಪಂಪಣ್ಣನ ಕೈಯಲ್ಲಿಟ್ಟಿದ್ದ.

ಆದರೂ ಪರದೆ ನೋಡಿ ಪಂಪಣ್ಣನಿಗೆ ಮೊದಲು ಬಂದದ್ದು ಸಿಟ್ಟೇ. ಪ್ರೋಗ್ರಾಮ್ ಸರಿಯಾಗಿ ಓಡುತ್ತಿದೆ, ಎರಡು ಬಂಡಿ ತೂಗಿ ಮಿಲ್ಲಿನ ಸಾಹುಕಾರರಿಗೆ ತೋರಿಸಿಯೂ ಆಗಿದೆ, ಈಗ ಯಾಕೆ ಇಲ್ಲದ ಉಸಾಬರಿ ಎಂದು ಅವನು ಹರಿಹಾಯ್ದ. ಆ ಗೆರೆ ಇದ್ದಲ್ಲಿ ಇಟ್ಟುಬಿಡು, ಸುಗ್ಗಿ ಮುಗಿದ ಮೇಲೆ ನೋಡೋಣ ಎಂದ. ಅದು ಹೇಳುವುದರಲ್ಲಿ ಮುಕ್ಕಾಲು ಪಾಲು ಬರೀ ಗೊಣಗಾಟವೆಂದೂ ಸೇರಿಸಿದ.

"ಗೊಣಗತೈತಿ, ಖರೆ," ಎಂದಳು ಗುಲ್ಷನ್‌ಬೀ. "ನಡುವ ಒಂದ ಮಾತು ಖರೇನ ಹೇಳಾಕತ್ತಿದ್ರ ನಮಗ ಹೆಂಗ ಗೊತ್ತಾಗಬೇಕ್ರಿ?"

ಪಂಪಣ್ಣ ಎದ್ದು, ಪಾನ್ ತಿನ್ನುವ ನೆಪದಲ್ಲಿ ಕೆಳಗಿಳಿದು ಹೋದ. ತಿರುಗಿ ಬರುವಷ್ಟರಲ್ಲಿ ಅವಳು ಇನ್ನೊಂದು ಕೆಲಸ ಮಾಡಿಟ್ಟಿದ್ದಳು. ಅದೇ ಸೆಟ್ಟಿಂಗ್ ಫೈಲಿನಲ್ಲಿ, ಮೊದಲನೇ ವಾರ್ನಿಂಗಿಗೇ ಕೆಲಸ ನಿಲ್ಲಿಸು ಎಂದು ಹೊಸದೊಂದು ಆಜ್ಞೆ ಬರೆದಿದ್ದಳು. ಒಂದನ್ನು ತಿದ್ದದೆ ಎರಡನೆಯದು ಕಾಣಿಸುವಂತಿಲ್ಲ, ಎಲ್ಲ ತಿದ್ದದೆ ಪ್ರೋಗ್ರಾಮ್ ಸಿದ್ಧವಾಗುವಂತಿಲ್ಲ. ತನ್ನ ಸೆಂಟರಿನಲ್ಲಿ ತನಗೇ ಬಾಗಿಲು ಹಾಕಿದ ಹಾಗಾಯಿತಲ್ಲ ಎಂದು ಪಂಪಣ್ಣನಿಗೆ ಮೈ ಉರಿಯಿತು. ಆದರೆ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ, ಯಾಕೆಂದರೆ ಬೇರೆ ದಾರಿಯಿರಲಿಲ್ಲ.

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಕರೆಂಟು ಬಂದಾಗ ಕೂರುವುದು, ಹೋದಾಗ ಕಾಗದದ ಮೇಲೆ ಓದುವುದು. ಹೆಚ್ಚಿನವು ನಿಜಕ್ಕೂ ಗೊಣಗಾಟವೇ ಆಗಿದ್ದವು. ಎಲ್ಲೋ ಒಂದು ಹೆಸರನ್ನು ಇಟ್ಟು ಬಳಸದೆ ಬಿಟ್ಟದ್ದು, ಇನ್ನೆಲ್ಲೋ ಪರಿಚಯ ಹೇಳದೆ ಒಂದು ಕೆಲಸವನ್ನು ಕರೆದದ್ದು. ಗುಲ್ಷನ್‌ಬೀ ಅವಕ್ಕೂ ಅಷ್ಟೇ ಮರ್ಯಾದೆ ಕೊಟ್ಟಳು. ಸಾಲನ್ನು ತುಟಿಯಲ್ಲೇ ಓದುವಳು, ಆ ಜಾಗಕ್ಕೆ ಹೋಗುವಳು, ಯಾಕೆ ಹಾಗೆ ಬರೆದಿರಿ ಎಂದು ಅವನನ್ನು ಕೇಳುವಳು. ಕೇಳುವುದರಲ್ಲಿ ಹಂಗಿಸುವ ದನಿ ಇರಲಿಲ್ಲ. ಪರವೂರಿನವರು ದಾರಿ ಕೇಳುವಂತೆ ಕೇಳುತ್ತಿದ್ದಳು. ಉತ್ತರ ಹೇಳುತ್ತ ಹೇಳುತ್ತ ಪಂಪಣ್ಣನಿಗೇ ತಾನು ಬರೆದದ್ದು ಅಲ್ಲಲ್ಲಿ ತಿಳಿಯುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಒಂದು ಸಾಲು ಬಂತು: ಇಲ್ಲಿ ಕೆಲವು ಅಂಕಿಗಳು ಕಳೆದುಹೋಗಬಹುದು. ಅವಳು ಆ ಜಾಗಕ್ಕೆ ಹೋಗಿ ನೋಡಿದರೆ ಅದು ಇಡೀ ದಿನದ ಭತ್ತದ ಒಟ್ಟು ತೂಕ. ಅದನ್ನು ಪಂಪಣ್ಣ ಕಂಪ್ಯೂಟರಿನ ನೆನಪಿನ ಒಂದು ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದ. ಮೂವತ್ತೆರಡು ಸಾವಿರ ಚಿಲ್ಲರೆ ಕಿಲೋ ದಾಟಿದರೆ ಆ ಡಬ್ಬಿ ತುಂಬಿ, ಅಂಕಿ ಒಮ್ಮೆಲೇ ಮೈನಸ್ಸಿಗೆ ಬೀಳುತ್ತಿತ್ತು. ಎರಡು ಬಂಡಿ ತೂಗಿ ತೋರಿಸಿದ ದಿನ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಸೋಮವಾರ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಮೇಲೆ, ಊಟದ ಹೊತ್ತಿಗೆಲ್ಲ, ಮಿಲ್ಲಿಗೆ ಭತ್ತ ಬಂದಿಲ್ಲ, ಮಿಲ್ಲೇ ಭತ್ತ ಕೊಡಬೇಕು ಎಂದು ಕಂಪ್ಯೂಟರು ಎಲ್ಲರೆದುರು ಹೇಳುತ್ತಿತ್ತು. ಪಂಪಣ್ಣ ಪರದೆಯಿಂದ ಕಣ್ಣು ತೆಗೆದು ಪಕ್ಕದಲ್ಲಿ ಕೂತ ಹುಡುಗಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಅವಳಾಗಲೇ ದೊಡ್ಡ ಡಬ್ಬಿ ಹಾಕಿ ಮುಂದಿನ ಸಾಲಿಗೆ ಹೋಗಿದ್ದಳು. ಎಂಥ ಹುಡುಗಿ ಇವಳು ಎಂದು ಅವನಿಗೆ ತುಂಬು ಮನಸ್ಸಿನಿಂದಲೇ ಅನ್ನಿಸಿತು.

ಭಾನುವಾರ ಸಂಜೆಯ ಹೊತ್ತಿಗೆ ಉಳಿದದ್ದು ಒಂದೇ ಒಂದು. ಖಾಲಿ ತೂಕ ಎಂಬುದಕ್ಕೆ ಅಂಕಿ ಕೊಡುವ ಮುಂಚೆಯೇ ಅದನ್ನು ಬಳಸಿರಬಹುದು ಎಂದು ಆ ಸಾಲು ಹೇಳುತ್ತಿತ್ತು. ಪಂಪಣ್ಣನಿಗೆ ನಗು ಬಂತು. ಇದು ಯಂತ್ರದ ದಡ್ಡತನ, ಪಾಪ, ಅದಕ್ಕೆ ಕಾಟಾ ಗೊತ್ತಿಲ್ಲ. ಖಾಲಿ ಗಾಡಿ ತೂಗದೆ ಯಾರೂ ಚೀಟಿ ಕೇಳುವುದಿಲ್ಲ.

"ಮೊದಲಿಗೇ ಒಂದು ಸೊನ್ನಿ ಕೊಟ್ಟುಬಿಡು ತಂಗಿ, ಸುಮ್ಮನಾಗತೈತಿ," ಎಂದ. ಅವನ ಕಣ್ಣು ಆಗಲೇ ಗೋಡೆಯ ಗಡಿಯಾರದ ಮೇಲಿತ್ತು.

ಗುಲ್ಷನ್‌ಬೀ ಕೈ ಮುಂದೆ ಮಾಡಲಿಲ್ಲ. "ಸೊನ್ನಿ ಕೊಟ್ರ ಅದು ಸುಮ್ಮನಾಗತೈತ್ರಿ. ಖಾಲಿ ಬಂಡಿ ತೂಕ ಸೊನ್ನಿ ಇರತೈತೇನ್ರಿ ಸರ್?"

"ಇಲ್ಲ, ಆದ್ರ ಖಾಲಿ ತೂಗೂ ಮುಂಚೆ ಚೀಟಿ ಕೇಳೂ ಬಂಡಿ ಬರೂದಿಲ್ಲಲ್ಲ."

"ಬರೂದಿಲ್ಲ ಅಂದ್ರ ಬಿಡ್ರಿ. ಯೋಚನಿ ಮಾಡಿ ಹೇಳ್ರಿ. ಪೂರ್ತಿ ಖಾಲಿ ಆಗೂ ಮುಂಚೆ ಚೀಟಿ ಬೇಕಾಗೂ ಮಂದಿ ಒಬ್ಬರೂ ಇಲ್ಲೇನು?"

ಇಲ್ಲ ಎನ್ನಲು ಬಾಯಿ ತೆರೆದವನ ಕಣ್ಣಿಗೆ ಬಂದದ್ದು ಕೂಡು ಬಂಡಿ. ಕೂಲಿಗೆಂದು ಭತ್ತವನ್ನೇ ಪಡೆಯುವ ಸಾಲಗುಂದದ ಹೆಂಗಸರು ಸುಗ್ಗಿಯಲ್ಲಿ ತಮ್ಮ ತಮ್ಮ ಒಂದೆರಡು ಚೀಲಗಳನ್ನು ಒಂದೇ ಬಂಡಿಗೆ ಹೇರಿ ಮಿಲ್ಲಿಗೆ ತರುತ್ತಿದ್ದರು. ಬಂಡಿ ಒಂದು, ಖಾಲಿ ತೂಕ ಒಂದು, ಚೀಟಿಯೂ ಬಂಡಿಯವನ ಹೆಸರಿಗೆ ಒಂದೇ. ಊರಿಗೆ ಹೋದ ಮೇಲೆ ಬಂದ ಹಣವನ್ನು ಚೀಲದ ಲೆಕ್ಕದಲ್ಲಿ ಸಮನಾಗಿ ಹಂಚಿಕೊಳ್ಳುವುದು. ಪಂಪಣ್ಣನ ಅವ್ವ ಗದ್ದೆಮ್ಮ ತನ್ನ ಚೀಲವನ್ನು ಕುಟ್ಟಿ ಕುಟ್ಟಿ ತುಂಬುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗನ ಫೀಸು, ಪುಸ್ತಕ ಎಲ್ಲ ಆ ಚೀಲದಿಂದಲೇ ಬರಬೇಕಿತ್ತು. ಹಂಚಿಕೆಯಲ್ಲಿ ಅವಳಿಗೂ ಅರೆಬರೆ ತುಂಬಿದವರಿಗೂ ಒಂದೇ ಸಮ. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಆ ದಿನ ಮಾತ್ರ ಮನೆಯಲ್ಲಿ ಬೇಗ ದೀಪ ಆರಿಸಿ ಗೋಡೆಯ ಕಡೆ ಮುಖಮಾಡಿ ಮಲಗುತ್ತಿದ್ದಳು.

ಈಗಲೂ ಆ ಬಂಡಿ ಬರುತ್ತದೆ. ಪ್ರತಿ ಹೆಂಗಸಿನ ಚೀಲ ಇಳಿಸಿದ ಹಾಗೆ ಬಂಡಿಯನ್ನು ತೂಗುತ್ತ ಹೋದರೆ ಒಬ್ಬೊಬ್ಬಳ ಭತ್ತ ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ. ಆದರೆ ತನ್ನ ಪ್ರೋಗ್ರಾಮಿನಲ್ಲಿ ಅವರು ಯಾರಾದರೂ ನಡುವೆ ಚೀಟಿ ಕೇಳಿದರೆ, ಇನ್ನೂ ತೂಗಿರದ ಖಾಲಿ ಬಂಡಿಯ ಜಾಗದಲ್ಲಿ ಹಿಂದಿನ ಟ್ರ್ಯಾಕ್ಟರಿನದೋ ಮತ್ತಾವುದೋ ಕಸದಂಥ ಅಂಕಿ ಸಿಕ್ಕು, ಅದನ್ನೇ ಕಳೆದು ಚೀಟಿ ಕೈಗೆ ಬರುತ್ತಿತ್ತು. ಪೇಟೆಗೆ ಬಂದ ಮೇಲೆ ಪಂಪಣ್ಣ ಮಿಲ್ಲನ್ನು ನೋಡಿದ್ದು ಸಾಹುಕಾರರ ಆಫೀಸಿನ ಕಿಟಕಿಯಿಂದ. ಅಲ್ಲಿಂದ ಟ್ರ್ಯಾಕ್ಟರುಗಳೇ ಕಾಣುತ್ತಿದ್ದವು.

ಅವನು ನಿಧಾನವಾಗಿ ಇದನ್ನೆಲ್ಲ ಗುಲ್ಷನ್‌ಬೀಗೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಸರಿ ಮಾಡಲು ಎಷ್ಟು ಹೊತ್ತು ಬೇಕೆಂದು ಕೇಳಿದ್ದಕ್ಕೆ, ಕೂಡು ಬಂಡಿಗೆಂದೇ ಬೇರೆ ದಾರಿ ಬರೆಯಬೇಕು, ಬರೆದದ್ದನ್ನು ಕಾಟಾದ ಮೇಲೆ ಪರೀಕ್ಷೆ ಮಾಡಬೇಕು, ನಾಳೆಗಂತೂ ಆಗುವುದಿಲ್ಲ ಎಂದಳು. ಬೇಕಿದ್ದರೆ ಸೊನ್ನೆ ಹಾಕಿ ನಾಳೆ ಓಡಿಸಬಹುದು, ನಿಮ್ಮ ಪ್ರೋಗ್ರಾಮ್, ನೀವು ಹೇಳಿದಂತೆ ಎಂದೂ ಹೇಳಿದಳು. ಆ ಕೊನೆಯ ಮಾತು ಪಂಪಣ್ಣನಿಗೆ ಎಲ್ಲಕ್ಕಿಂತ ಭಾರವಾಯಿತು.

ಸೋಮವಾರ ಮಿಲ್ಲಿನ ಅಂಗಳ ತುಂಬಿತ್ತು. ಕಾಟಾಕ್ಕೆ ಸುಣ್ಣ ಬಳಿದು, ಕಂಪ್ಯೂಟರಿಗೆ ಹೂ ಹಾಕಿದ್ದರು. ರಾಮಣ್ಣ ಒಗೆದ ಧೋತರ ಉಟ್ಟು ಮುಂದೆಯೇ ನಿಂತಿದ್ದ. ಪಂಪಣ್ಣ ಸಾಹುಕಾರರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಅವರು ನಕ್ಕುಬಿಟ್ಟರು. ಕೂಡು ಬಂಡಿ ಬರುವುದು ಎಲ್ಲೋ ಒಂದೆರಡು, ಅವರು ಮೊದಲಿನಂತೆ ಬಂಡಿಯವನ ಹೆಸರಿಗೆ ತೂಗಿಸಿಕೊಳ್ಳಲಿ, ನೀನು ಶುರು ಮಾಡು ಎಂದರು. ಅವರು ಕೆಟ್ಟವರೇನಲ್ಲ, ಅಂಗಳದ ತುಂಬ ಮಂದಿಯನ್ನು ಕರೆಸಿದವರ ಕಷ್ಟ ಅವರದು. ಒಂದು ಕ್ಷಣ ಪಂಪಣ್ಣನ ಮನಸ್ಸೂ ಆ ಕಡೆ ವಾಲಿತು. ಬಾಗಿಲಲ್ಲಿ ಗುಲ್ಷನ್‌ಬೀ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮೂರು ದಿನ ಪಕ್ಕದಲ್ಲಿ ಕೂತು ಒಂದೊಂದೇ ಸಾಲಿಗೆ ತಲೆಬಾಗಿ ಓದಿದವಳ ಎದುರು ಅವನಿಗೆ ಕಣ್ಣು ಮುಚ್ಚಿಕೊಂಡು ದಾಟಿಹೋಗಲು ಆಗಲಿಲ್ಲ.

ಅವನು ಅಂಗಳದ ನಡುವೆ ಬಂದು ನಿಂತು, ಮಿಷಿನ್ ಇನ್ನೂ ತಯಾರಾಗಿಲ್ಲ, ಗುರುವಾರ ಬನ್ನಿ ಎಂದ. ಒಂದು ಮೂಲೆಯಿಂದ ನಗು ಶುರುವಾಯಿತು. ಸುಳ್ಳು ಹೇಳುವುದನ್ನು ಇನ್ನೂ ಕಲಿಸಿಲ್ಲವಂತೆ ಎಂದು ಯಾರೋ ಅಂದರು. ಹೇರಿಕೊಂಡು ಬಂದ ಬಂಡಿಗಳನ್ನು ತಿರುಗಿಸುವವರ ಬೈಗುಳ ಅವನ ಕಿವಿಗೆ ಬಿದ್ದೇ ಬಿದ್ದಿತು. ರಾಮಣ್ಣನ ಮುಖ ಕಪ್ಪಿಟ್ಟಿತ್ತು. ಅವನು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ.

"ಮಿಷಿನ್ ಕೆಟ್ಟೈತೋ, ನೀ ಕೆಟ್ಟೀಯೋ?"

"ನಾ ಮರ್ತಿದ್ದೆ ಮಾವ. ಕೂಡು ಬಂಡ್ಯಾಗ ಬರೋರ್ನ ಮರ್ತು ಬರ್ದಿದ್ದೆ. ಅದ ನನಗ ನೆನಪ ಮಾಡಿತು."

ರಾಮಣ್ಣ ಅವನ ಮುಖವನ್ನೇ ನೋಡಿದ. ಕೂಡು ಬಂಡಿಯಲ್ಲಿ ತನ್ನ ತಂಗಿ ಬರುತ್ತಿದ್ದದ್ದು ಅವನಿಗೂ ಹೇಳಿಕೊಡಬೇಕಾಗಿರಲಿಲ್ಲ. ಮತ್ತೇನೂ ಕೇಳದೆ ಮಂದಿಯ ಕಡೆ ತಿರುಗಿ, ಗುರುವಾರ ಅಂದರೆ ಗುರುವಾರ, ನನ್ನ ಮಾತು ಮಾತೇ, ಈಗ ನಡೀರಿ ಎಂದ. ಆಮೇಲೆ ಆ ನಗುವಿನ ನಡುವೆಯೇ ಗೇಟಿನವರೆಗೆ ನಡೆದುಹೋದ. ಆ ನಡಿಗೆಯನ್ನು ನೋಡುವುದು ಪಂಪಣ್ಣನಿಗೆ ಎಲ್ಲ ಬೈಗುಳಕ್ಕಿಂತ ಕಷ್ಟವಾಯಿತು.

ಗುರುವಾರ ಹೂವಿರಲಿಲ್ಲ, ಗದ್ದಲವೂ ಇರಲಿಲ್ಲ. ಬಂದವರು ಕೈಕಟ್ಟಿ ನಿಂತು ನೋಡುತ್ತಿದ್ದರು. ಗುಲ್ಷನ್‌ಬೀ ಕಿಟಕಿಯ ಹತ್ತಿರ ಕಂಪ್ಯೂಟರಿನ ಮುಂದೆ ಕೂತಳು, ಪಂಪಣ್ಣ ಕಾಟಾದ ಪಕ್ಕ ನಿಂತ. ಬೆಳಿಗ್ಗೆ ಕ್ಯಾಂಪಿನ ಟ್ರ್ಯಾಕ್ಟರುಗಳು ಬಂದವು, ಒಂದರ ಹಿಂದೊಂದು ಚೀಟಿ ಬಂತು. ಅನುಮಾನದವರು ತಮ್ಮ ಚೀಲವನ್ನು ಬೇರೆ ತಕ್ಕಡಿಯಲ್ಲಿ ತೂಗಿ ತಾಳೆ ನೋಡಿದರು. ಊಟದ ಹೊತ್ತಿಗೆ ಒಟ್ಟು ತೂಕ ಆ ಚಿಕ್ಕ ಡಬ್ಬಿಯ ಅಳತೆ ದಾಟಿತು, ಅಂಕಿ ಸುಮ್ಮನೆ ಬೆಳೆಯುತ್ತ ಹೋಯಿತು. ಗುಲ್ಷನ್‌ಬೀ ಕಿಟಕಿಯಿಂದ ಅವನಿಗೆ ಕೈಸನ್ನೆ ಮಾಡಿದಳು. ಅದೇನೆಂದು ಅಂಗಳದಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ. ರಾಮಣ್ಣ ಬೇವಿನ ಮರದ ಕೆಳಗೆ ಕೂತು ಆ ದಿನದ ಮೊದಲ ಬೀಡಿ ಹಚ್ಚಿದ.

ಬಿಸಿಲು ಇಳಿಯುವಾಗ ಸಾಲಗುಂದದ ಕೂಡು ಬಂಡಿ ಬಂತು. ಬಂಡಿಯ ಯಂಕೋಬ ಎತ್ತುಗಳನ್ನು ಕಾಟಾದ ಮೇಲೆ ನಿಲ್ಲಿಸಿ ಕೆಳಗೆ ಧುಮುಕಿದ. ಹಿಂದೆ ನಡೆದು ಬಂದ ಹೆಂಗಸರು ದೂರದಲ್ಲೇ ಗುಂಪಾಗಿ ನಿಂತರು. ಅವರಲ್ಲಿ ಪಂಪಣ್ಣನ ಅವ್ವನೂ ಇದ್ದಳು. ಮನೆಯಲ್ಲಿ ಕೂರು ಎಂದು ಮಗ ಎಷ್ಟು ಹೇಳಿದರೂ ನಾಟಿಗೆ, ಕೊಯ್ಲಿಗೆ ಹೋಗುವುದನ್ನು ಅವಳು ಬಿಟ್ಟಿರಲಿಲ್ಲ. ಇಡೀ ಬಂಡಿಯ ತೂಕವಾಯಿತು. ಯಂಕೋಬ ಯಾವಾಗಿನಂತೆ ಕಿಟಕಿಗೆ ಕೈಯೊಡ್ಡಿ, ನನ್ನ ಹೆಸರು ಬರೆದುಕೊಳ್ಳಿ ಎಂದ.

"ಬಂಡಿ ನಿಮ್ದು ಅಂತ ಬರ್ದೀನ್ರಿ," ಎಂದಳು ಗುಲ್ಷನ್‌ಬೀ. "ಭತ್ತ ಯಾರ್ದು? ಮೊದಲ ಯಾರ ಚೀಲ ಇಳಸ್ತೀರಿ, ಅವರ ಹೆಸರು ಹೇಳ್ರಿ."

ಯಂಕೋಬ ಹಿಂದೆ ತಿರುಗಿ ನೋಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮನ್ನು ಕೇಳುತ್ತಿದ್ದಾರೆಂದು ಅವರಿಗೆ ಹೊಳೆಯುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಮೇಲಿನ ಚೀಲಗಳು ಪಂಪಣ್ಣನ ಅವ್ವನವು ಎಂದು ಗುಂಪಿನ ಪಕೀರಮ್ಮ ಮೆಲ್ಲಗೆ ಅಂದಳು. ಊರಲ್ಲಿ ಎಲ್ಲರೂ ಅವ್ವನನ್ನು ಕರೆಯುತ್ತಿದ್ದದ್ದೇ ಹಾಗೆ. ಅದಕ್ಕೂ ಮುಂಚೆ ಸಾಬಣ್ಣನ ಹೆಂಡತಿ, ಅದಕ್ಕೂ ಮುಂಚೆ ರಾಮಣ್ಣನ ತಂಗಿ.

"ಅವರ ಹೆಸರ್ರಿ?" ಎಂದು ಗುಲ್ಷನ್‌ಬೀ ಮತ್ತೆ ಕೇಳಿದಳು.

ಅವ್ವ ಮಗನ ಕಡೆ ನೋಡಿದಳು. ಹೆಸರು ಪಂಪಣ್ಣನ ತುದಿನಾಲಿಗೆಗೆ ಬಂದಿತ್ತು. ಅದನ್ನು ಅಲ್ಲೇ ತಡೆದು ಅವನು ಪಕ್ಕಕ್ಕೆ ಸರಿದ. ಅವಳು ಸೆರಗನ್ನು ಬಿಗಿದು ಎರಡು ಹೆಜ್ಜೆ ಮುಂದೆ ಬಂದಳು.

"ಗದ್ದೆಮ್ಮ," ಎಂದಳು.

ಹುಟ್ಟಿದಾಗಿನಿಂದ ಅವನು ಆ ಹೆಸರನ್ನು ಅವಳ ಬಾಯಿಂದ ಕೇಳಿರಲಿಲ್ಲ. ಕಿಟಕಿಯ ಒಳಗೆ ಕೀಲಿಗಳು ಸದ್ದು ಮಾಡಿದವು. ಯಾರೂ ಕೇಳದಿದ್ದರೂ ಅವಳು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ, "ಗದ್ದೆಮ್ಮ" ಎಂದಳು. ಇಬ್ಬರು ಹಮಾಲರು ಅವಳ ಚೀಲಗಳನ್ನಷ್ಟೇ ಇಳಿಸಿ ಅವಳ ಕಾಲ ಬಳಿ ಇಟ್ಟರು. ಕಾಟಾದ ಅಂಕಿ ಅವಳ ಭತ್ತದಷ್ಟೇ ಕೆಳಗಿಳಿದು ನಿಂತಿತು. ಗುಂಪಿನಿಂದ ಆದಮ್ಮ ಬಾಯಿಯ ಎಲೆಅಡಿಕೆ ಉಗುಳಿ, ತುಟಿ ಒರೆಸಿಕೊಂಡು, ತನ್ನ ಹೆಸರು ಹೇಳಲು ಕಿಟಕಿಯ ಕಡೆ ನಡೆದಳು.